ಏರು, ಇಳಿಜಾರು ಮತ್ತು ಓಟದ ವೇಗ

ನಾನು ಬರೆಯುತ್ತಿರುವ ಪ್ಲಾಟ್‌ಫಾರ್ಮ್ ಆಟದ (ಓಡುತ್ತ, ಜಿಗಿಯುತ್ತ ಸಾಗುವ ವಿಡಿಯೋ ಗೇಮ್) ಹುಡುಗಿ ಸಮತಟ್ಟು ನೆಲದ ಮೇಲೆ ಚೆನ್ನಾಗಿಯೇ ಓಡುತ್ತಿದ್ದಳು. 45 ಡಿಗ್ರಿ ಏರು ಎದುರಾದಾಗ ಮಾತ್ರ ಅವಳ ಓಟ ಇನ್ನಷ್ಟು ಚುರುಕಾಗುತ್ತಿತ್ತು. ಗುಡ್ಡ ಹತ್ತುವ ಶ್ರಮವೇ ಕಾಣುತ್ತಿರಲಿಲ್ಲ.

ಕಾರಣ ಸರಳವಾಗಿತ್ತು. ನಾನು ಅಡ್ಡವೇಗವನ್ನಷ್ಟೇ ಇಟ್ಟುಕೊಂಡಿದ್ದೆ: ಫ್ರೇಮಿಗೆ, ಅಂದರೆ ಪರದೆಯಲ್ಲಿ ಮೂಡುವ ಪ್ರತಿ ಚಿತ್ರಕ್ಕೆ, 6 ಪಿಕ್ಸೆಲ್. ಅದರ ಮೇಲೆ ನೆಲ ಎಷ್ಟು ಏರಿದೆಯೋ ಅಷ್ಟು ಅವಳನ್ನು ಎತ್ತುತ್ತಿದ್ದೆ. ಅಡ್ಡಕ್ಕೆ 6, ಮೇಲಕ್ಕೆ 6 ಎಂದರೆ ಏರಿನ ಉದ್ದಕ್ಕೆ ಸುಮಾರು 8.5 ಪಿಕ್ಸೆಲ್ ಆಗುತ್ತದೆ. ಹಾಗಾಗಿ ವೇಗವನ್ನು ನೆಲದ ಗುಂಟ ಒಂದೇ ಸಂಖ್ಯೆಯಾಗಿ ಇಟ್ಟು, ಅದರ ಕೊಸೈನ್ ಪಾಲನ್ನು ಅಡ್ಡಕ್ಕೂ ಸೈನ್ ಪಾಲನ್ನು ಮೇಲಕ್ಕೂ ಹಂಚಿದೆ.

ಆಮೇಲೆ ಗುರುತ್ವ. ಕೋನದ ಸೈನನ್ನು ಒಂದು ಗುಣಕದಿಂದ ಗುಣಿಸಿ, ಪ್ರತಿ ಫ್ರೇಮಿನಲ್ಲೂ ವೇಗದಿಂದ ಕಳೆಯಬೇಕು. ಮೊದಲು ಗುಣಕವನ್ನು 0.5 ಮಾಡಿದೆ. 45 ಡಿಗ್ರಿಯಲ್ಲಿ ಎಳೆತ 0.35 ಆಯಿತು, ನನ್ನ ವೇಗವರ್ಧನೆ ಬರೀ 0.2. ಹುಡುಗಿ ನಿಂತಲ್ಲಿಂದಲೇ ಹಿಂದಕ್ಕೆ ಜಾರಿದಳು. 1991ರ ಸೋನಿಕ್ ಆಟದಲ್ಲಿ ಓಟದ ಗುಣಕ 0.125. ಅದನ್ನೇ ಹಾಕಿದೆ. ಈಗ ನಿಂತ ನೆಲೆಯಿಂದ ಪೂರ್ಣ ವೇಗ ಮುಟ್ಟಲು ಸಮತಟ್ಟಿನಲ್ಲಿ 30 ಫ್ರೇಮ್ ಸಾಕು, ಏರಿನಲ್ಲಿ 54 ಬೇಕು. ಕಡಿಮೆಯಾದದ್ದು ಗರಿಷ್ಠ ವೇಗವಲ್ಲ, ಅದನ್ನು ಮುಟ್ಟುವ ಅವಸರ. ಆಡುವವರ ಬೆರಳಿಗೆ ಗುಡ್ಡದ ಭಾರ ತಾಕುವುದು ಇಲ್ಲೇ ಎಂದು ನನ್ನ ನಂಬಿಕೆ. ಅದೇ ಸೋನಿಕ್ ಆಟದಲ್ಲಿ ಪಾತ್ರ ಚೆಂಡಿನಂತೆ ಉರುಳುವಾಗ ಇಳಿಜಾರಿನ ಗುಣಕ 0.3125, ಏರಿನದು 0.078125. ನಾಲ್ಕು ಪಟ್ಟಿನ ಈ ಪಕ್ಷಪಾತ ಭೌತಶಾಸ್ತ್ರಕ್ಕೆ ಒಪ್ಪದು, ಆಟಕ್ಕೆ ಒಪ್ಪುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇಳಿಯುವ ಹಾದಿ. ಸಮತಟ್ಟು ಮುಗಿದು ನೆಲ ಕೆಳಗಿಳಿದರೂ ಹುಡುಗಿ ನೇರವಾಗಿ ಗಾಳಿಯಲ್ಲೇ ಮುಂದುವರಿಯುತ್ತಿದ್ದಳು. ಆ ಗಳಿಗೆಯಲ್ಲಿ ಜಿಗಿತದ ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ಲೆಕ್ಕದ ಪ್ರಕಾರ ಅವಳು ನೆಲದ ಮೇಲಿರಲಿಲ್ಲ. ಆಡುವವರ ಕಣ್ಣಿಗೆ ಅದು ಶುದ್ಧ ಅನ್ಯಾಯ. ಹಿಂದಿನ ಫ್ರೇಮಿನಲ್ಲಿ ಅವಳು ನೆಲದ ಮೇಲಿದ್ದು, ಈಗ ಜಿಗಿಯದೇ ಇದ್ದರೆ, ಪಾದದ ಕೆಳಗೆ 12 ಪಿಕ್ಸೆಲ್ ತನಕ ನೆಲ ಹುಡುಕಿ ಅಲ್ಲಿಗೆ ಅಂಟಿಸಿದೆ. ಗರಿಷ್ಠ ಇಳಿವೇಗ 10, ಕಡಿದಾದ ಕೋನ 45 ಡಿಗ್ರಿ. ಅಷ್ಟಕ್ಕೆ 12 ಸಾಕಾಯಿತು.

ಆದರೆ ದಿಬ್ಬದ ತುದಿಗೂ ಅವಳು ಅಂಟಿಕೊಂಡೇ ಸಾಗಿದಾಗ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ವೇಗ 8 ದಾಟಿದ್ದರೆ ತುದಿಯಲ್ಲಿ ಅಂಟಿಸುವುದನ್ನು ಬಿಟ್ಟೆ. ಈಗ ಒಂದು ಇಳಿಜಾರಿನಲ್ಲಿ ಗಳಿಸಿದ ವೇಗ ಮುಂದಿನ ದಿಬ್ಬದ ತುದಿಯಿಂದ ಅವಳನ್ನು ಹಾರಿಸುತ್ತದೆ.