ವಾರ್ಡ್‌ನಲ್ಲಿ ಆಕ್ಸಿಜನ್ ಆಡಿಟ್: ಮೊದಲು ಹಾಸಿಗೆ, ಆಮೇಲೆ ಚಾರ್ಟ್

ಒಂದು ಮಾತ್ರೆ ಕೊಡಬೇಕಾದರೂ ಚಾರ್ಟ್‌ನಲ್ಲಿ ವೈದ್ಯರ ಬರಹ ಬೇಕು. ಆಕ್ಸಿಜನ್ ಮಾತ್ರ ಗೋಡೆಯಲ್ಲೇ ಇರುತ್ತದೆ, ತಿರುಪು ತಿರುಗಿಸಿದರೆ ಬಂತು. ಅದೂ ಔಷಧವೇ ಎಂಬುದು ಮರೆತುಹೋಗುವುದು ಇಲ್ಲಿಯೇ. ಕಡಿಮೆಯಾದರೆ ಅಪಾಯ ಎಂದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಅಪಾಯ ಎಂದು ಗೊತ್ತಿರುವವರು ಕಡಿಮೆ. ಸಿಒಪಿಡಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಕೆಲವರಿಗೆ ಅಗತ್ಯ ಮೀರಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್‌ನಲ್ಲಿ ಬಂದ 405 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧಾರಾಳವಾಗಿ ಆಕ್ಸಿಜನ್ ಪಡೆದ ಗುಂಪಿನಲ್ಲಿ ಶೇ 9ರಷ್ಟು ಜನ ತೀರಿಕೊಂಡರು. ಅಳೆದು ಕೊಟ್ಟ ಗುಂಪಿನಲ್ಲಿ ಶೇ 4.

ಅಳತೆಗೋಲು

ಆಡಿಟ್ ಎಂದರೆ ಹೋಲಿಕೆ. ಯಾವುದಕ್ಕೆ ಹೋಲಿಸುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ. ಬ್ರಿಟಿಷ್ ಥೊರಾಸಿಕ್ ಸೊಸೈಟಿ 2008ರಲ್ಲಿ ಹೊರಡಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ ತೀವ್ರ ಕಾಯಿಲೆಯ ಬಹುತೇಕ ವಯಸ್ಕರಿಗೆ ಸ್ಯಾಚುರೇಷನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟು ತುಂಬಿದೆ ಎಂಬ ಶೇಕಡಾವಾರು) ಗುರಿ ಶೇ 94–98. ಇಂಗಾಲದ ಡೈಆಕ್ಸೈಡ್ ಏರುವ ಅಪಾಯ ಇರುವವರಿಗೆ ಶೇ 88–92. ವೈದ್ಯರು ಬರೆಯಬೇಕಾದ್ದು ಬರೀ ಲೀಟರ್ ಅಲ್ಲ, ಗುರಿಯನ್ನು. ಗುರಿ ಬರೆದಿದ್ದರೆ ಹರಿವನ್ನು ಏರಿಸುವ, ಇಳಿಸುವ ಕೆಲಸ ನರ್ಸ್ ಕೈಗೆ ಬರುತ್ತದೆ.

ನಾಲ್ಕು ಪ್ರಶ್ನೆ, ಒಂದು ಹಾಳೆ

ಆಕ್ಸಿಜನ್ ಪಡೆಯುತ್ತಿರುವವರಿಗೆ ಅದನ್ನು ಬರೆದುಕೊಡಲಾಗಿದೆಯೇ? ಗುರಿ ನಮೂದಾಗಿದೆಯೇ? ಔಷಧ ಕೊಡುವ ಪ್ರತಿ ಸುತ್ತಿನಲ್ಲಿ ನರ್ಸ್ ಸಹಿ ಹಾಕಿದ್ದಾರೆಯೇ? ಈ ಗಳಿಗೆಯಲ್ಲಿ ಸ್ಯಾಚುರೇಷನ್ ಗುರಿಯೊಳಗಿದೆಯೇ? ಇಷ್ಟನ್ನು ಒಂದೇ ಪುಟದಲ್ಲಿ ಹಿಡಿಸಿ. ಜೊತೆಗೆ ಸಾಧನ, ಲೀಟರ್, ಅಳೆದ ಸಮಯಕ್ಕೆ ಒಂದೊಂದು ಕಲಂ. ರೋಗಿಯ ಹೆಸರು ಬೇಡ, ಕ್ರಮಸಂಖ್ಯೆ ಸಾಕು. ಹಾಳೆ ಎರಡು ಪುಟಕ್ಕೆ ಹಿಗ್ಗಿದರೆ ಎರಡನೆಯ ಪುಟ ಖಾಲಿಯೇ ವಾಪಸು ಬರುತ್ತದೆ.

ಸುತ್ತು ಹಾಕುವ ದಿನ

ಮುಂಚಿತವಾಗಿ ಹೇಳಿ ಹೋದರೆ ನೀವು ನೋಡುವುದು ವಾರ್ಡನ್ನಲ್ಲ, ತಯಾರಿಯನ್ನು. ಆಡಿಟ್ ನಡೆಯಲಿದೆ ಎಂಬುದು ವಾರ್ಡ್ ಮುಖ್ಯಸ್ಥರಿಗೆ ಗೊತ್ತಿರಲಿ, ಯಾವ ದಿನ ಎಂಬುದು ಬೇಡ. ಇಬ್ಬರು ಹೋಗಿ: ಒಬ್ಬರು ನೋಡುವವರು, ಒಬ್ಬರು ಬರೆಯುವವರು.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಆಗುವುದು ಇಲ್ಲಿ. ಚಾರ್ಟ್‌ಗಳ ಕಟ್ಟು ಹಿಡಿದು, ಆಕ್ಸಿಜನ್ ಎಂದು ಬರೆದಿರುವವರನ್ನು ಮಾತ್ರ ಹುಡುಕಿ ಹೋದರೆ, ಬರಹವೇ ಇಲ್ಲದೆ ಮಾಸ್ಕ್ ಹಾಕಿಕೊಂಡು ಮಲಗಿರುವವರು ಲೆಕ್ಕಕ್ಕೇ ಸಿಗುವುದಿಲ್ಲ. ಫಲಿತಾಂಶ ನೂರಕ್ಕೆ ನೂರು, ಅರ್ಥ ಸೊನ್ನೆ. ಆದ್ದರಿಂದ ಮೊದಲ ಹಾಸಿಗೆಯಿಂದ ಕೊನೆಯ ಹಾಸಿಗೆವರೆಗೆ ನಡೆಯಿರಿ. ಆಕ್ಸಿಜನ್ ಕಂಡಲ್ಲಿ ನಿಂತು ಆಮೇಲೆ ಚಾರ್ಟ್ ತೆರೆಯಿರಿ. ಸ್ಕ್ಯಾನ್‌ಗೆ ಹೋದವರ ಹಾಸಿಗೆಗೆ ಗುರುತು ಹಾಕಿ ಮತ್ತೆ ಬನ್ನಿ.

ಹಾಸಿಗೆಯ ಪಕ್ಕದಲ್ಲಿ ಕಣ್ಣು ಗೋಡೆಯಿಂದ ಮೂಗಿನವರೆಗೆ ಹೋಗಲಿ. ಫ್ಲೋಮೀಟರ್ (ಹರಿವು ಅಳೆಯುವ ಸಾಧನ) ಗೋಡೆಯ ಆಕ್ಸಿಜನ್ ಔಟ್‌ಲೆಟ್‌ಗೇ ಜೋಡಣೆಯಾಗಿದೆಯೇ, ಪಕ್ಕದ ಗಾಳಿಯ ಔಟ್‌ಲೆಟ್‌ಗೋ? ಈ ಅದಲುಬದಲು ನಿಜಕ್ಕೂ ಆಗುತ್ತದೆ, ಆದಾಗ ಜೀವಕ್ಕೆ ಅಪಾಯ. ಗುಂಡು ಇರುವ ಫ್ಲೋಮೀಟರ್‌ನಲ್ಲಿ ಲೀಟರ್ ಓದುವುದು ಗುಂಡಿನ ನಡುಭಾಗದ ನೇರಕ್ಕೆ. ಟ್ಯೂಬ್ ಎಲ್ಲೂ ಮಡಚಿರಬಾರದು. ಮಾಸ್ಕ್ ಗದ್ದಕ್ಕೆ ಜಾರಿದ್ದರೆ ಅದನ್ನೂ ಬರೆಯಿರಿ.

ಸಾಧನಕ್ಕೂ ಹರಿವಿಗೂ ಹೊಂದಿಕೆ ಬೇಕು. ಮೂಗಿನ ಕ್ಯಾನುಲಾಕ್ಕೆ (ಮೂಗಿನ ಹೊಳ್ಳೆಗಳಿಗೆ ಇಡುವ ಸಣ್ಣ ಕೊಳವೆ) ಸಾಮಾನ್ಯವಾಗಿ ನಿಮಿಷಕ್ಕೆ 1ರಿಂದ 6 ಲೀಟರ್, ಸಾದಾ ಮಾಸ್ಕ್‌ಗೆ 5ರಿಂದ 10, ಚೀಲವಿರುವ ಮಾಸ್ಕ್‌ಗೆ 15. ಸಾದಾ ಮಾಸ್ಕ್‌ಗೆ 2 ಲೀಟರ್ ಇಟ್ಟಿರುವುದು ಕಂಡರೆ ದಾಖಲಿಸಿ: 5ಕ್ಕಿಂತ ಕೆಳಗೆ ಹೋದಂತೆ ರೋಗಿ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಆಕ್ಸಿಜನ್‌ಗೆ ಗಾಳಿ ಬೆರೆಸಿ ನಿಗದಿತ ಶೇಕಡಾವಾರು ಕೊಡುವ ವೆಂಚುರಿ ಕವಾಟದ ಮೇಲೆಯೇ ಶೇಕಡಾವಾರು ಮತ್ತು ಕನಿಷ್ಠ ಹರಿವು ಅಚ್ಚಾಗಿರುತ್ತದೆ (ಶೇ 24ಕ್ಕೆ ಸಾಮಾನ್ಯವಾಗಿ 2 ಲೀಟರ್, ಶೇ 28ಕ್ಕೆ 4). ಬಣ್ಣವನ್ನು ನಂಬಬೇಡಿ, ಅಂಕಿ ಓದಿ.

ಸ್ಯಾಚುರೇಷನ್ ನೀವೇ ಅಳೆಯಿರಿ, ಬೆಳಗಿನ ದಾಖಲೆ ಸಾಲದು. ಕೈ ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ, ಬೆರಳು ಅಲುಗಿದರೆ ಆಕ್ಸಿಮೀಟರ್ ದಾರಿ ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ತುಸು ಹೆಚ್ಚು ತೋರಿಸಬಹುದು. ಅಂಕಿ ನೆಲೆನಿಲ್ಲುವವರೆಗೆ ಕಾಯಿರಿ. ಗುರಿ ಶೇ 88–92 ಇರುವವರೊಬ್ಬರು 10 ಲೀಟರ್ ಮೇಲೆ ಶೇ 99 ತೋರಿಸುತ್ತಾ ತೂಕಡಿಸುತ್ತಿದ್ದರೆ ಹಾಳೆ ತುಂಬಿಸುತ್ತಾ ನಿಲ್ಲಬೇಡಿ, ಆ ಕ್ಷಣವೇ ನರ್ಸ್ ಮತ್ತು ವೈದ್ಯರನ್ನು ಕರೆಯಿರಿ. ಮಾಸ್ಕ್ ಕಿತ್ತುಹಾಕುವುದು ಮಾತ್ರ ಬೇಡ. ಆಕ್ಸಿಜನ್ ಒಮ್ಮೆಲೇ ನಿಂತರೆ ಸ್ಯಾಚುರೇಷನ್ ಮೊದಲಿಗಿಂತಲೂ ಕೆಳಕ್ಕೆ ಕುಸಿಯಬಹುದು. ಇಳಿಸಬೇಕಾದ್ದು ಹಂತಹಂತವಾಗಿ.

ಲೆಕ್ಕ ಹಾಕುವಾಗ

ನಾಲ್ಕು ಉತ್ತರಗಳನ್ನು ಕೂಡಿಸಿ ಒಂದೇ ಅಂಕ ಮಾಡಬೇಡಿ. ಆಕ್ಸಿಜನ್ ಮೇಲೆ 20 ಜನ ಇದ್ದು 12 ಮಂದಿಗೆ ಬರಹ ಇದ್ದರೆ ಶೇ 60. ಗುರಿಯೊಳಗೆ ಇದ್ದಾರೆಯೇ ಎಂಬ ಪ್ರಶ್ನೆ ಕೇಳಬಹುದಾದದ್ದು ಗುರಿ ಬರೆದವರ ಬಗ್ಗೆ ಮಾತ್ರ, ಆದ್ದರಿಂದ ಅಲ್ಲಿ ಛೇದ ಬೇರೆ. ಗುರಿಗಿಂತ ಮೇಲಿರುವವರನ್ನೂ ಕೆಳಗಿರುವವರನ್ನೂ ಪ್ರತ್ಯೇಕ ಎಣಿಸಿ. ಎರಡೂ ಬೇರೆ ರೋಗ, ಮದ್ದೂ ಬೇರೆ. ಒಂದು ಸೂಕ್ಷ್ಮ: ಆಕ್ಸಿಜನ್ ಇಲ್ಲದೆ ಬರೀ ಗಾಳಿಯಲ್ಲೇ ಶೇ 96 ಇರುವವರು, ಗುರಿ 88–92 ಇದ್ದರೂ, ತಪ್ಪಿನ ಪಟ್ಟಿಗೆ ಸೇರುವುದಿಲ್ಲ.

ಆಮೇಲೆ

ಫಲಿತಾಂಶ ವಾರದೊಳಗೆ ಆಯಾ ವಾರ್ಡ್‌ಗೆ ಹೋಗಲಿ. ತಡವಾದಷ್ಟೂ 'ಅದು ಆ ದಿನದ ಮಾತು' ಎನ್ನುವವರು ಹೆಚ್ಚುತ್ತಾರೆ. ಬರಹ ಇಲ್ಲದಿದ್ದರೆ ಚಾರ್ಟ್‌ನಲ್ಲಿ ಆಕ್ಸಿಜನ್‌ಗೆಂದೇ ಅಚ್ಚಾದ ಜಾಗ ಇದೆಯೇ ನೋಡಿ. ಬರೀ ತರಬೇತಿಗಿಂತ ಆ ಚೌಕ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸಹಿ ಇಲ್ಲದಿದ್ದರೆ ಔಷಧದ ಸುತ್ತಿನಲ್ಲಿ ಆ ಚೌಕ ಯಾವ ಪುಟದಲ್ಲಿ ಅಡಗಿದೆ ಎಂದು ಹುಡುಕಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಮೂರು ತಿಂಗಳ ನಂತರ ಅದೇ ಹಾಳೆ, ಅದೇ ವಾರ್ಡ್, ಅದೇ ರೀತಿ ಹಾಸಿಗೆಯಿಂದ ಹಾಸಿಗೆಗೆ, ಹೇಳದೆ ಹೋಗಿ.