20×20 ಎಸ್‌ಡಿಐ ರೂಟರ್ ಜೋಡಣೆ: ನಾನು ಅನುಸರಿಸುವ ಕ್ರಮ

ಎಸ್‌ಡಿಐ ಎಂದರೆ ಸ್ಟುಡಿಯೋ ಯಂತ್ರಗಳ ನಡುವೆ ಕೇಬಲ್ಲಿನಲ್ಲಿ ಡಿಜಿಟಲ್ ವಿಡಿಯೋ ಸಾಗಿಸುವ ಪದ್ಧತಿ. ಯಾವ ಚಿತ್ರ ಯಾವ ಯಂತ್ರಕ್ಕೆ ಹೋಗಬೇಕೆಂದು ಆರಿಸುವ ಪೆಟ್ಟಿಗೆ ವಿಡಿಯೋ ರೂಟರ್. ಅದು ಬಂದ ಸಿಗ್ನಲ್ಲನ್ನು ಬಂದ ಹಾಗೆಯೇ ಮುಂದಕ್ಕೆ ಕಳಿಸುತ್ತದೆ. ಫಾರ್ಮ್ಯಾಟ್ ಬದಲಿಸುವುದಿಲ್ಲ, ಸಿಂಕ್ (ಉಳಿದ ಚಿತ್ರಗಳೊಂದಿಗೆ ಸಮಯದ ಹೊಂದಿಕೆ) ಇಲ್ಲದ ಚಿತ್ರಕ್ಕೆ ಸಿಂಕ್ ಕೊಡುವುದಿಲ್ಲ. ಹಾಗಾಗಿ ‘ರೂಟರ್ ಕೆಟ್ಟಿದೆ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಕೇಬಲ್ಲು, ರೆಫರೆನ್ಸು (ಎಲ್ಲ ಯಂತ್ರಕ್ಕೂ ಒಂದೇ ತಾಳ ಕೊಡುವ ಸಿಂಕ್ ಸಿಗ್ನಲ್), ಸೋರ್ಸು (ಚಿತ್ರ ಕಳಿಸುವ ಯಂತ್ರ). ರೂಟರ್ ಪೆಟ್ಟಿಗೆಯ ಸರದಿ ಕೊನೆಗೆ.

ಇಲ್ಲಿ ಬರೆದಿರುವುದು ನಾಲ್ಕು ಕ್ಯಾಮೆರಾದ, 1080ಐ50ರಲ್ಲಿ (1080 ಲೈನ್, ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಫೀಲ್ಡ್) ನಡೆಯುವ ಸ್ಟುಡಿಯೋಗೆ ಬ್ಲ್ಯಾಕ್‌ಮ್ಯಾಜಿಕ್ ವಿಡಿಯೋಹಬ್ ಮಾದರಿಯ 20×20 ರೂಟರ್ ಕೂರಿಸುವ ಬಗೆ. ಇಂಥ ರೂಟರಿನಲ್ಲಿ ಯಾವ ಇನ್‌ಪುಟ್ಟನ್ನಾದರೂ ಯಾವ ಔಟ್‌ಪುಟ್ಟಿಗಾದರೂ ಕೊಡಬಹುದು. ಒಂದೇ ಇನ್‌ಪುಟ್ಟನ್ನು ಇಪ್ಪತ್ತೂ ಔಟ್‌ಪುಟ್ಟಿಗೆ ಕೊಟ್ಟರೂ ಅಡ್ಡಿಯಿಲ್ಲ. ಒಂದು ಔಟ್‌ಪುಟ್ಟಿಗೆ ಒಂದು ಹೊತ್ತಿನಲ್ಲಿ ಒಂದೇ ಸೋರ್ಸ್, ನಿಯಮ ಅಷ್ಟೇ.

ಕೇಬಲ್ ಮುಟ್ಟುವ ಮೊದಲು ಪೋರ್ಟ್ ಪಟ್ಟಿ ಕಾಗದದ ಮೇಲೆ ಮುಗಿದಿರಬೇಕು. ಇನ್‌ಪುಟ್ 1ರಿಂದ 4 ಕ್ಯಾಮೆರಾ, 5 ಸ್ವಿಚರ್ (ಕ್ಯಾಮೆರಾಗಳಲ್ಲಿ ಆರಿಸಿ ಪ್ರಸಾರದ ಚಿತ್ರ ಕಟ್ಟುವ ಯಂತ್ರ) ಕೊಡುವ ಪ್ರೋಗ್ರಾಮ್, 6 ಕ್ಲೀನ್ ಫೀಡ್ (ಗ್ರಾಫಿಕ್ಸ್ ಇಲ್ಲದ ಪ್ರೋಗ್ರಾಮ್), 7 ಮತ್ತು 8 ಆಕ್ಸ್ (ಸ್ವಿಚರಿನ ಹೆಚ್ಚುವರಿ ಔಟ್), 9 ಮತ್ತು 10 ಪ್ಲೇಬ್ಯಾಕ್, 11 ಗ್ರಾಫಿಕ್ಸ್ ಫಿಲ್ (ತೋರಿಸಬೇಕಾದ ಅಕ್ಷರ, ಬಣ್ಣ), 12 ಗ್ರಾಫಿಕ್ಸ್ ಕೀ (ಅದು ಎಲ್ಲಿ ಕಾಣಬೇಕೆಂಬ ಆಕಾರ), 13 ಲ್ಯಾಪ್‌ಟಾಪ್, 14 ಮತ್ತು 15 ಫ್ಲೋರ್ ಬಾಕ್ಸ್, 16 ಕಲರ್ ಬಾರ್ಸ್. ಉಳಿದ ನಾಲ್ಕು ಖಾಲಿ. ಖಾಲಿ ಪೋರ್ಟು ದಂಡವಲ್ಲ, ಲೈವ್ ನಡೆಯುವಾಗ ಒಂದು ಪೋರ್ಟ್ ಕೈಕೊಟ್ಟರೆ ಅದೇ ಆಸರೆ. ಔಟ್‌ಪುಟ್ ಕಡೆ ಸ್ವಿಚರಿಗೆ ಹೋಗುವವು, ರೆಕಾರ್ಡರ್, ಸ್ಟ್ರೀಮಿಂಗ್ ಎನ್‌ಕೋಡರ್, ಮಲ್ಟಿವ್ಯೂ, ಫ್ಲೋರ್ ಮಾನಿಟರ್. ಇವುಗಳ ಜೊತೆಗೆ ವೇವ್‌ಫಾರ್ಮ್ (ಸಿಗ್ನಲ್ ಅಳೆಯುವ) ಮಾನಿಟರಿಗೂ ಎಂಜಿನಿಯರಿಂಗ್ ಮಾನಿಟರಿಗೂ ಒಂದೊಂದು ಔಟ್‌ಪುಟ್ ಕಡ್ಡಾಯ. ಅವೆರಡು ಇಲ್ಲದಿದ್ದರೆ ತೊಂದರೆ ಎಲ್ಲಿದೆ ಎಂದು ನೋಡಲು ಆನ್‌ಏರ್ ಇರುವ ಲೈನನ್ನೇ ಬಿಚ್ಚಬೇಕಾಗುತ್ತದೆ.

ಒಂದು ವಿಷಯದಲ್ಲಿ ನಾನು ಬಿಗಿ. ಕ್ಯಾಮೆರಾ ಕಂಟ್ರೋಲ್ ಯೂನಿಟ್ಟಿಗೆ ಎರಡು ಎಸ್‌ಡಿಐ ಔಟ್ ಇದ್ದರೆ ಒಂದು ನೇರ ಸ್ವಿಚರಿಗೆ, ಇನ್ನೊಂದು ರೂಟರಿಗೆ. ಸ್ವಿಚರಿನ ಪ್ರೋಗ್ರಾಮ್ ಔಟ್ ಕೂಡ ಹಾಗೆಯೇ: ಮುಖ್ಯ ಎನ್‌ಕೋಡರಿಗೆ ನೇರವಾಗಿ, ರೂಟರಿಗೆ ಎರಡನೆಯದು. ಎಲ್ಲವನ್ನೂ ರೂಟರ್ ಮೂಲಕವೇ ಹಾಯಿಸಿದರೆ ಪಟ್ಟಿ ಅಂದವಾಗಿ ಕಾಣುತ್ತದೆ, ನಿಜ. ಆದರೆ ಆ ಪೆಟ್ಟಿಗೆಯ ಪವರ್ ಸಪ್ಲೈ ಹೋದ ಕ್ಷಣ ಇಡೀ ಸ್ಟುಡಿಯೋ ಕಪ್ಪಾಗುತ್ತದೆ.

ಇನ್ನು ಕೇಬಲ್. ಎಚ್‌ಡಿ ಎಸ್‌ಡಿಐ ಓಡುವುದು ಸೆಕೆಂಡಿಗೆ 1.485 ಗಿಗಾಬಿಟ್, 3ಜಿ 2.97, 12ಜಿ 11.88. ಬೆಲ್ಡನ್ 1694ಎ ಅಥವಾ ಕ್ಯಾನಾರೆ ಎಲ್-5ಸಿಎಫ್‌ಬಿ ದರ್ಜೆಯ 75 ಓಮ್ ಕೇಬಲ್ಲಿನಲ್ಲಿ ಎಚ್‌ಡಿಯನ್ನು ನೂರು ಮೀಟರಿನ ಆಸುಪಾಸು, 3ಜಿಯನ್ನು ಎಪ್ಪತ್ತು ಮೀಟರಿನ ಆಸುಪಾಸು ಒಯ್ಯಬಹುದು. ನಾನು ಆ ಅಂಚಿನವರೆಗೂ ಹೋಗುವುದಿಲ್ಲ, ಮುಕ್ಕಾಲು ದೂರಕ್ಕೇ ನಿಲ್ಲುತ್ತೇನೆ. ಎಸ್‌ಡಿಐ ಹಳೆಯ ಅನಲಾಗ್ ಹಾಗೆ ನಿಧಾನವಾಗಿ ಮಸುಕಾಗುವುದಿಲ್ಲ. ಒಂದು ದೂರದವರೆಗೆ ಚಿತ್ರ ಸ್ವಚ್ಛ, ಅದಕ್ಕೆ ಐದಾರು ಮೀಟರ್ ಸೇರಿಸಿದರೆ ಬಿಳಿ ಚುಕ್ಕಿ, ಮತ್ತೆ ಒಂದಿಷ್ಟು ಸೇರಿಸಿದರೆ ಪೂರ್ತಿ ಕಪ್ಪು. ನಡುವೆ ಪ್ಯಾಚ್ ಪ್ಯಾನೆಲ್ ಇದ್ದರೆ ಪ್ರತಿ ಜೋಡಣೆಯೂ ಆ ಅಂಚನ್ನು ಹತ್ತಿರ ತರುತ್ತದೆ. ಮನೆಗಳಿಗೆ ಕೇಬಲ್ ಟಿವಿ ಎಳೆಯುವ ಆರ್‌ಜಿ 6 ಅಗ್ಗಕ್ಕೆ ಸಿಗುತ್ತದೆ, ಅದೂ 75 ಓಮೇ. ಆದರೆ ಅದರ ಹೆಣಿಗೆ (ಹೊರಗಿನ ತಂತಿಯ ಜಾಲರಿ) ಸಾಮಾನ್ಯವಾಗಿ ತೆಳು, ಎಸ್‌ಡಿಐಗೆ ಬೇಕಾದ ಆವರ್ತನದವರೆಗೆ ಪರೀಕ್ಷೆಯಾಗಿದೆ ಎಂಬ ಖಾತ್ರಿಯೂ ಇಲ್ಲ. ರ‍್ಯಾಕ್ ಒಳಗಿನ ಎರಡು ಮೀಟರಿಗೂ ನಾನು ಅದನ್ನು ಬಳಸುವುದಿಲ್ಲ.

ಬಿಎನ್‌ಸಿ (ಕೇಬಲ್ ತುದಿಯ ಕನೆಕ್ಟರ್) ಕೊಳ್ಳುವಾಗ ಅದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ತುಂಬಿದ್ದರೆ ಅದು ಸಾಮಾನ್ಯವಾಗಿ 50 ಓಮಿನದು, ರೇಡಿಯೋ ಕೆಲಸದ್ದು. 75 ಓಮಿನದರಲ್ಲಿ ಪಿನ್ನಿನ ಸುತ್ತ ಖಾಲಿ ಜಾಗ ಕಾಣುತ್ತದೆ. ಎರಡೂ ಒಂದಕ್ಕೊಂದು ಕೂರುತ್ತವೆ, ಎಸ್‌ಡಿಯಲ್ಲಿ (ಎಚ್‌ಡಿಗಿಂತ ಹಳೆಯ, ಕಡಿಮೆ ವೇಗದ ವಿಡಿಯೋದಲ್ಲಿ) ಕೆಲಸವೂ ಆಗಬಹುದು, 3ಜಿಗೆ ಹೋದಾಗ ಕಾಟ ಶುರು. ಕನೆಕ್ಟರ್, ಕೇಬಲ್, ಕ್ರಿಂಪ್ ಡೈ ಮೂರೂ ಒಂದಕ್ಕೊಂದು ಹೊಂದುವಂಥವೇ ಆಗಿರಬೇಕು. ಸ್ಟ್ರಿಪ್ ಅಳತೆ ಕನೆಕ್ಟರ್ ತಯಾರಕರ ಚೀಟಿಯಲ್ಲಿರುತ್ತದೆ, ಸ್ಟ್ರಿಪ್ಪರ್ ಬ್ಲೇಡನ್ನು ಅದಕ್ಕೇ ಹೊಂದಿಸಿ. ಹೆಣಿಗೆಯ ಕೂದಲೆಳೆಯಂಥ ಒಂದು ತಂತಿ ನಡುವಿನ ಪಿನ್ನಿಗೆ ತಾಗಿದರೂ ಸಾಕು, ಆ ಲೈನ್ ಸತ್ತಂತೆ. ಪಿನ್ ಒಳಗೆ ಕೂತಾಗ ಟಕ್ ಎಂಬ ಶಬ್ದ ಕೇಳಿಸಬೇಕು. ಕ್ರಿಂಪ್ ಆದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ.

ಪ್ರತಿ ಕೇಬಲ್ಲಿಗೂ ಎರಡು ಪರೀಕ್ಷೆ. ಮೊದಲನೆಯದು ಮಲ್ಟಿಮೀಟರ್: ಆ ತುದಿ ಖಾಲಿ ಇದ್ದಾಗ ಪಿನ್ನಿಗೂ ಹೆಣಿಗೆಗೂ ಸಂಪರ್ಕ ಇರಬಾರದು, ಅಲ್ಲಿಗೆ 75 ಓಮ್ ಟರ್ಮಿನೇಟರ್ ಹಾಕಿದಾಗ 75ಕ್ಕಿಂತ ಒಂದೆರಡು ಓಮ್ ಹೆಚ್ಚು ತೋರಿಸಬೇಕು. ಇದರಿಂದ ಶಾರ್ಟು, ಓಪನ್ನು ಮಾತ್ರ ತಿಳಿಯುತ್ತದೆ. ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ಕೇಬಲ್, 50 ಓಮಿನ ಕನೆಕ್ಟರ್ ಇವೆಲ್ಲ ಮೀಟರಿಗೆ ಕಾಣುವುದಿಲ್ಲ. ಅದಕ್ಕೆ ಎರಡನೆಯ ಪರೀಕ್ಷೆ, ಸಿಗ್ನಲ್ ಜನರೇಟರಿನ ಪ್ಯಾಥಲಾಜಿಕಲ್ ಪ್ಯಾಟರ್ನ್. ಅರ್ಧ ತಿಳಿ ನೇರಳೆ, ಅರ್ಧ ಬೂದು ಬಣ್ಣದ ಈ ಚಿತ್ರವನ್ನು ಈಕ್ವಲೈಜರಿಗೂ (ಕೇಬಲ್ಲಿನಲ್ಲಿ ಕುಂದಿದ ಸಿಗ್ನಲ್ಲನ್ನು ಸರಿಪಡಿಸುವ ಭಾಗ) ಕ್ಲಾಕ್ ಹಿಡಿಯುವ ಸರ್ಕ್ಯೂಟಿಗೂ ಅತಿ ಕಷ್ಟವಾಗುವಂತೆಯೇ ರೂಪಿಸಿದ್ದಾರೆ. ಅದನ್ನು ಕಾಲು ಗಂಟೆ ಓಡಿಸಿ, ವೇವ್‌ಫಾರ್ಮ್ ಮಾನಿಟರಿನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಎಣಿಕೆ) ಸೊನ್ನೆಯಲ್ಲೇ ನಿಂತಿದ್ದರೆ ಮಾತ್ರ ಆ ಕೇಬಲ್ಲಿಗೆ ಲೇಬಲ್ ಅಂಟಿಸುತ್ತೇನೆ. ಕಲರ್ ಬಾರ್ಸ್ ಚೆನ್ನಾಗಿ ಕಂಡಿತೆಂದು ಕೇಬಲ್ ಪಾಸ್ ಮಾಡುವುದು ಸರಿಯಲ್ಲ.

ರ‍್ಯಾಕಿನಲ್ಲಿ ರೂಟರಿನ ಮೇಲೆ ಒಂದು ಯೂನಿಟ್ ಖಾಲಿ ಬಿಡಿ. ಹಿಂದೆ ಕೇಬಲ್ಲಿಗೆ ಆಸರೆಯ ಪಟ್ಟಿ ಇರಲಿ, ಭಾರ ಬಿಎನ್‌ಸಿಯ ಮೇಲೆ ಬೀಳಬಾರದು. ಬಾಗುವ ತ್ರಿಜ್ಯ ಕೇಬಲ್ ದಪ್ಪದ ಹತ್ತು ಪಟ್ಟಿಗಿಂತ ಕಡಿಮೆಯಾಗಬಾರದು. ಟೈ ಬಿಗಿಯಾಗಿ ಎಳೆಯಬೇಡಿ, ವೆಲ್ಕ್ರೋ ಸಾಕು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ರೆಫರೆನ್ಸಿನಲ್ಲಿ. ಸಿಂಕ್ ಜನರೇಟರಿನಿಂದ ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ ಲೆವೆಲ್ ಸಿಂಕ್ (ರೆಫರೆನ್ಸಿನ ಎರಡು ಬಗೆ) ರೂಟರಿನ ರೆಫ್ ಇನ್‌ಪುಟ್ಟಿಗೆ ಬಂದರೆ, ರೂಟರ್ ವರ್ಟಿಕಲ್ ಬ್ಲ್ಯಾಂಕಿಂಗಿನ (ಎರಡು ಚಿತ್ರಗಳ ನಡುವಿನ, ಪರದೆಯಲ್ಲಿ ಕಾಣದ ಲೈನುಗಳ) ಒಳಗೆ, 1080ರಲ್ಲಿ 7ನೇ ಲೈನಿನಲ್ಲಿ, ಸೋರ್ಸ್ ಬದಲಿಸುತ್ತದೆ. ರೆಫರೆನ್ಸ್ ಇಲ್ಲದಿದ್ದರೆ ಫ್ರೇಮಿನ ಎಲ್ಲಿ ಬೇಕಾದರೂ ಕತ್ತರಿಸುತ್ತದೆ, ಮಾನಿಟರ್ ಒಂದು ಕ್ಷಣ ಕುಪ್ಪಳಿಸುತ್ತದೆ. ಆದರೆ ರೂಟರಿಗೆ ಮಾತ್ರ ರೆಫ್ ಕೊಟ್ಟರೆ ಆಗಲಿಲ್ಲ. ಎರಡೂ ಸೋರ್ಸು ಅದೇ ಸಿಂಕಿಗೆ ಜೆನ್‌ಲಾಕ್ ಆಗಿರಬೇಕು, ಅಂದರೆ ಅದರ ತಾಳಕ್ಕೇ ಓಡಬೇಕು. ಸ್ವಿಚರಿನ ಇನ್‌ಪುಟ್ಟಿನಲ್ಲಿ ಫ್ರೇಮ್ ಸಿಂಕ್ (ಚಿತ್ರವನ್ನು ತಡೆದು ತಾಳಕ್ಕೆ ಹೊಂದಿಸುವ ಸರ್ಕ್ಯೂಟ್) ಇರುವುದರಿಂದ ಜೆನ್‌ಲಾಕ್ ಆಗದ ಕ್ಯಾಮೆರಾ ಅಲ್ಲಿ ಸರಿಯಾಗಿಯೇ ಕಾಣುತ್ತದೆ. ಅದನ್ನೇ ರೂಟರಿನಿಂದ ನೇರ ರೆಕಾರ್ಡರಿಗೆ ಕಳಿಸಿ ನಡುವೆ ಸೋರ್ಸ್ ಬದಲಿಸಿದಾಗ ಬಣ್ಣ ಬಯಲಾಗುತ್ತದೆ.

‘ಕ್ಯಾಮೆರಾ 2ರ ಕೇಬಲ್ ತುಂಬ ಉದ್ದವಿದೆ, ಅದಕ್ಕೇ ಟೈಮಿಂಗ್ ತಪ್ಪಿದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ: 1080ಐ50ರಲ್ಲಿ ಒಂದು ಲೈನಿನ ಅವಧಿ 35.56 ಮೈಕ್ರೋಸೆಕೆಂಡ್. ನೂರು ಮೀಟರ್ ಕೇಬಲ್ ತರುವ ತಡ ಸುಮಾರು 0.4 ಮೈಕ್ರೋಸೆಕೆಂಡ್. ಚಿತ್ರ ಲೈನುಗಟ್ಟಲೆ ಆಚೀಚೆ ಇದ್ದರೆ ಕಾರಣ ಕೇಬಲ್ಲಲ್ಲ, ಕ್ಯಾಮೆರಾ ಮೆನುವಿನ ಫೇಸ್ ಸೆಟ್ಟಿಂಗ್ ಅಥವಾ ತಪ್ಪು ರೆಫರೆನ್ಸ್ ಫಾರ್ಮ್ಯಾಟ್.

ರೆಫ್ ಲೈನನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಲೂಪ್ ಮಾಡಿ ಎಳೆದಿದ್ದರೆ ಕೊನೆಯ ಯಂತ್ರದಲ್ಲಿ ಮಾತ್ರ 75 ಓಮ್ ಟರ್ಮಿನೇಷನ್. ಎಲ್ಲೂ ಇಲ್ಲದಿದ್ದರೆ ಮಟ್ಟ ಎರಡು ಪಟ್ಟಾಗುತ್ತದೆ, ಎರಡು ಕಡೆ ಇದ್ದರೆ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಎರಡೂ ಸ್ಥಿತಿಯಲ್ಲಿ ಕೆಲವು ಯಂತ್ರ ಲಾಕ್ ಆಗುತ್ತವೆ, ಕೆಲವು ಆಗುವುದಿಲ್ಲ. ಹೀಗಾಗಿ ದೋಷ ಒಂದು ಯಂತ್ರದ್ದೇ ಎಂಬ ಭ್ರಮೆ ಹುಟ್ಟುತ್ತದೆ. ಜಾಗವಿದ್ದರೆ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಹಾಕಿ ಪ್ರತಿ ಯಂತ್ರಕ್ಕೂ ಬೇರೆ ಲೈನ್ ಎಳೆಯುವುದೇ ಒಳ್ಳೆಯದು.

ಫಿಲ್ ಮತ್ತು ಕೀ ಯಾವಾಗಲೂ ಜೋಡಿಯಾಗಿಯೇ ಸಾಗಬೇಕು. ಒಂದು ಕನ್ವರ್ಟರ್ ಮೂಲಕ, ಇನ್ನೊಂದು ನೇರ ಹೋದರೆ ಅಕ್ಷರಗಳು ಓಡುವಾಗ ಅಂಚಿನಲ್ಲಿ ಕಪ್ಪು ನೆರಳು ಬರುತ್ತದೆ. ಲ್ಯಾಪ್‌ಟಾಪಿನದು ಬೇರೆಯೇ ರಗಳೆ. ಅದು ಸಾಮಾನ್ಯವಾಗಿ 60 ಹರ್ಟ್ಸ್ ಕೊಡುತ್ತದೆ, ಕನ್ವರ್ಟರ್ ಅದನ್ನು ಹಾಗೇ ಎಸ್‌ಡಿಐ ಮಾಡುತ್ತದೆ, ರೂಟರ್ ಹಾಗೇ ದಾಟಿಸುತ್ತದೆ, ಕೊನೆಗೆ ರೆಕಾರ್ಡರ್ ಕಪ್ಪು ತೋರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಇಂಟರ್‌ಲೇಸ್ಡ್ (1080ಐ50) ಸಿಕ್ಕರೆ ಅದನ್ನು ಆರಿಸಿ, ಇಲ್ಲವೇ ಸ್ಟ್ಯಾಂಡರ್ಡ್ ಬದಲಿಸುವ ಕನ್ವರ್ಟರ್ ಹಾಕಿ. 1080ಪಿ50ರಲ್ಲಿ ಕೆಲಸ ಮಾಡುವವರು 3ಜಿ ಲೆವೆಲ್ ಎ, ಲೆವೆಲ್ ಬಿ (3ಜಿಯಲ್ಲಿ ಡೇಟಾ ಜೋಡಿಸುವ ಎರಡು ಬಗೆ) ಎರಡನ್ನೂ ಗಮನಿಸಬೇಕು. ರೂಟರ್ ಎರಡನ್ನೂ ದಾಟಿಸುತ್ತದೆ, ಆಚೆಯ ಮಾನಿಟರ್ ಒಂದನ್ನು ಮಾತ್ರ ಒಪ್ಪಬಹುದು.

ಕಂಟ್ರೋಲ್ ಕೆಲಸ ಸರಳ. ಯುಎಸ್‌ಬಿ ಹಾಕಿ ಸೆಟಪ್ ಸಾಫ್ಟ್‌ವೇರಿನಲ್ಲಿ ಸ್ಥಿರ ಐಪಿ ವಿಳಾಸ ಕೊಡಿ, ಲೇಬಲ್ ತುಂಬಿ. ಲೇಬಲ್ ಚಿಕ್ಕದಾಗಿರಲಿ, ಪ್ಯಾನೆಲ್ ಪರದೆಯಲ್ಲಿ ಉದ್ದ ಹೆಸರು ತುಂಡಾಗುತ್ತದೆ. ವಿಡಿಯೋಹಬ್ ಟಿಸಿಪಿ 9990 ಪೋರ್ಟಿನಲ್ಲಿ ಸರಳ ಪಠ್ಯದ ಆಜ್ಞೆ ಕೇಳುತ್ತದೆ, ಟೆಲ್ನೆಟ್ ಮಾಡಿದರೆ ಲೇಬಲ್, ರೂಟಿಂಗ್, ಲಾಕ್ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತದೆ. ಅಲ್ಲಿ ಎಣಿಕೆ ಸೊನ್ನೆಯಿಂದ. ‘4 11’ ಎಂದು ಬರೆದರೆ ಔಟ್‌ಪುಟ್ 5ಕ್ಕೆ ಇನ್‌ಪುಟ್ 12. ಸ್ಕ್ರಿಪ್ಟ್ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳುವುದು ಒಳ್ಳೆಯದು. ಈ ಪೋರ್ಟ್ ಪಾಸ್‌ವರ್ಡ್ ಕೇಳುವುದಿಲ್ಲ, ಅದೇ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ರೂಟ್ ಬದಲಿಸಬಹುದು. ಆದ್ದರಿಂದ ರೂಟರಿಗೂ ಪ್ಯಾನೆಲ್ಲಿಗೂ ಬೇರೆಯೇ ನೆಟ್‌ವರ್ಕ್ ಸ್ವಿಚ್ ಅಥವಾ ವಿಲ್ಯಾನ್ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಕೊಡಿ, ಅತಿಥಿಗಳ ವೈಫೈ ಅತ್ತ ಸುಳಿಯಬಾರದು. ಎನ್‌ಕೋಡರ್, ರೆಕಾರ್ಡರ್ ಔಟ್‌ಪುಟ್ಟುಗಳಿಗೆ ಲಾಕ್ ಹಾಕಿ. ಲೈವ್ ನಡುವೆ ಗುಂಡಿ ತಪ್ಪಿ ಒತ್ತುವುದು ಅಪರೂಪವಲ್ಲ.

ಸ್ವಿಚರಿನ ಪ್ರೋಗ್ರಾಮನ್ನು ರೂಟರ್ ಮೂಲಕ ಮತ್ತೆ ಸ್ವಿಚರಿಗೇ ಕೊಡುವ ದಾರಿ ತೆರೆದೇ ಇರುತ್ತದೆ. ಆ ಇನ್‌ಪುಟ್ ಆನ್‌ಏರ್ ಆದರೆ ಚಿತ್ರದೊಳಗೆ ಚಿತ್ರ ಸುತ್ತತೊಡಗುತ್ತದೆ. ಆಪರೇಟರ್ ಪ್ಯಾನೆಲ್ಲಿನಲ್ಲಿ ಆ ಜೋಡಿ ಕಾಣದಂತೆ ಗುಂಡಿಗಳನ್ನು ಹೊಂದಿಸಿ.

ಕೊನೆಗೆ ಒಂದು ಪರೀಕ್ಷೆ: ಎಲ್ಲ ರೂಟ್ ಹಾಕಿ, ರೂಟರಿನ ಪವರ್ ತೆಗೆದು ಮತ್ತೆ ಕೊಡಿ. ಹಳೆಯ ರೂಟುಗಳು ಮರಳಿ ಬಂದವೇ, ಲಾಕ್ ಉಳಿಯಿತೇ, ಪ್ಯಾನೆಲ್ ತಾನಾಗಿ ಸಂಪರ್ಕ ಪಡೆಯಿತೇ ನೋಡಿ. 9990ರಿಂದ ಬಂದ ಪೂರ್ತಿ ಪಠ್ಯವನ್ನು ಫೈಲ್ ಮಾಡಿ ಬೇರೊಂದು ಕಂಪ್ಯೂಟರಿನಲ್ಲೂ ಇಡಿ. ಪೆಟ್ಟಿಗೆ ಬದಲಿಸಬೇಕಾದ ದಿನ ಲೇಬಲ್, ರೂಟ್ ಎಲ್ಲವನ್ನೂ ಅದರಿಂದಲೇ ಮರಳಿ ತುಂಬಬಹುದು.