ಎಷ್ಟರಲ್ಲಿ ನಿಲ್ಲುತ್ತದೆ: ಕಲಬುರಗಿ ಕಡೆಯವರಿಗೆ ವೇಗದ ಕಾರಿನ ಪಾಠ, ರಸ್ತೆಯಲ್ಲಿ ಮತ್ತು ಟ್ರ್ಯಾಕಿನಲ್ಲಿ

ಹೊಸ ಕಾರು ಮನೆ ಮುಂದೆ ಬಂದು ನಿಂತ ದಿನ ಓಣಿಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಓಡ್ತದ್ರೀ?" "ಎಷ್ಟರಾಗ ನಿಲ್ತದ್ರೀ?" ಎಂದು ಕೇಳಿದವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ, ಅವರು ಎರಡು ಟ್ರ್ಯಾಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುವವರು. ಪೋರ್ಷೆ 911 ಆಗಲಿ, ಬಿಎಂಡಬ್ಲ್ಯು ಎಂ340ಐ ಆಗಲಿ, ಹ್ಯುಂಡೈ ಐ20 ಎನ್ ಲೈನ್‌ನಂಥ ಚುರುಕಾದ ಸಣ್ಣ ಕಾರೇ ಆಗಲಿ, ಅದರ ನಿಜವಾದ ಸುಖ ಉಣ್ಣಬೇಕೆನ್ನುವವರು ಆ ಟ್ರ್ಯಾಕ್ಟರ್ ಚಾಲಕರ ಪ್ರಶ್ನೆಯಿಂದಲೇ ಆರಂಭಿಸಬೇಕು.

ಲೆಕ್ಕ ಸರಳವಾಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು, ಗಟ್ಟಿ ಬ್ರೇಕು ಇದ್ದರೆ ಆಮೇಲೆ ನಿಲ್ಲಲು ಇನ್ನೂ 40 ಮೀಟರ್ ಆಸುಪಾಸು ಬೇಕು. ವೇಗ 160ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲಿನ ದೂರವೊಂದೇ ಸುಮಾರು 100 ಮೀಟರ್ ಆಗುತ್ತದೆ, ಏಕೆಂದರೆ ವೇಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೂ ಅದರೊಳಗಿನ ಶಕ್ತಿ ವೇಗದ ವರ್ಗದಷ್ಟು, ಅಂದರೆ ಎರಡೂವರೆ ಪಟ್ಟು ಬೆಳೆದಿರುತ್ತದೆ. ರಾತ್ರಿ ಡಿಮ್ ಲೈಟಿನ ಬೆಳಕು ಚೆನ್ನಾಗಿ ತಲುಪುವುದು 50–60 ಮೀಟರಿಗೆ. ನೂರರಲ್ಲಿ ಹೊರಟವನು, ತನ್ನ ದೀಪಕ್ಕೆ ಕಾಣದ ಜಾಗದಲ್ಲಿ ನಿಲ್ಲುತ್ತಾನೆ ಎಂದಾಯಿತು. ಆದ್ದರಿಂದ ನಮ್ಮ ಕಡೆಯ ರಸ್ತೆಗಳಲ್ಲಿ ರಾತ್ರಿ ವೇಗದ ಕಾರನ್ನು ಸಾಮಾನ್ಯ ಕಾರಿನಂತೆಯೇ ಓಡಿಸಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ರಸ್ತೆಯ ಮೇಲೆ

ಬೀದರದಿಂದ ಹುಮನಾಬಾದ, ಕಲಬುರಗಿ, ಜೇವರ್ಗಿ ಹಾದು ವಿಜಯಪುರದ ಕಡೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯೂ, ಪುಣೆ–ಹೈದರಾಬಾದ್ ನಡುವೆ ಹುಮನಾಬಾದಿನ ಮೂಲಕ ಸಾಗುವ 65ನೇ ಹೆದ್ದಾರಿಯೂ ಬಹುತೇಕ ಬಯಲಿನ ನೇರ ರಸ್ತೆಗಳು. ಮಲೆನಾಡಿನ ಘಾಟಿಯಂತೆ ತಿರುವುಗಳು ನಮಗಿಲ್ಲ. ಆದ ಕಾರಣ ಇಲ್ಲಿ ಕಾರು ಕೊಂಡವರಿಗೆ ಇರುವ ಮೊದಲ ಆಸೆ ನೇರ ರಸ್ತೆಯಲ್ಲಿ ಮುಳ್ಳನ್ನು ಎಲ್ಲಿಯವರೆಗೆ ಏರಿಸಬಹುದು ಎಂಬುದೇ ಆಗಿರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ 100, ಉಳಿದ ರಸ್ತೆಗಳಲ್ಲಿ 70 ಕಿ.ಮೀ. ಗರಿಷ್ಠ ವೇಗ, ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿಯ ಫಲಕವಿದ್ದರೆ ಅದೇ ಅನ್ವಯಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಜೈಲಿಗೆ ಹೋಗಬಹುದಾದ ಅಪರಾಧ. ಬೀದರದ ವಾಯುನೆಲೆಯಲ್ಲಿ ಕಲಿಯುವ ಹುಡುಗರ ಕೈಯಲ್ಲಿ ನಮ್ಮ ಕಾರಿಗಿಂತ ಎಷ್ಟೋ ಪಟ್ಟು ವೇಗದ ವಿಮಾನವಿರುತ್ತದೆ. ಆದರೂ ಅವರು ಹೇಳಿದ ಹೊತ್ತಿಗೆ, ಹೇಳಿದ ಎತ್ತರದಲ್ಲಿ, ಹೇಳಿದಷ್ಟನ್ನೇ ಮಾಡಿ ಇಳಿಯುತ್ತಾರೆ.

ಹಾಗಾದರೆ ಎಂಬತ್ತು, ತೊಂಬತ್ತರ ವೇಗದಲ್ಲಿ ಇಂಥ ಕಾರಿನಿಂದ ಏನು ಸುಖ ಎಂದು ಕೇಳಬಹುದು. ಸುಖವಿರುವುದು ಭಾರ ಹೇಗೆ ಸರಿಯುತ್ತದೆ ಎಂಬುದನ್ನು ಸೀಟಿನಲ್ಲಿ ಕುಳಿತು ಅರಿಯುವುದರಲ್ಲಿ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ಮುಂದಿನ ಟೈರುಗಳಿಗೆ ಹಿಡಿತ ಹೆಚ್ಚುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಹೋಗಿ ಮುಂಭಾಗ ಹಗುರಾಗುತ್ತದೆ. 911ರಂತೆ ಎಂಜಿನ್ ಹಿಂದೆಯೇ ಇರುವ ಕಾರಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಅಭ್ಯಾಸಕ್ಕೆ ಒಂದು ಸುಲಭದ ದಾರಿಯಿದೆ: ಅರ್ಧ ತುಂಬಿದ ನೀರಿನ ಬಾಟಲಿಯನ್ನು ಪಕ್ಕದ ಸೀಟಿನ ಕೆಳಗೆ, ನೆಲದ ಮೇಲೆ ನಿಲ್ಲಿಸಿ ಕಲಬುರಗಿಯಿಂದ ಕಮಲಾಪುರದವರೆಗೆ ಅದು ಬೀಳದಂತೆ ಓಡಿಸಿ ನೋಡಿ. ಬ್ರೇಕನ್ನು ತುದಿಯಲ್ಲಿ ಸಡಿಲಿಸುವುದು, ಗೇರು ಇಳಿಸುವಾಗ ಎಂಜಿನ್ ಸುತ್ತನ್ನು ಸರಿಹೊಂದಿಸುವುದು, ಸ್ಟೇರಿಂಗನ್ನು ಜಗ್ಗದೆ ತಿರುಗಿಸುವುದು, ಈ ಮೂರೂ ಒಂದೇ ತಿಂಗಳಲ್ಲಿ ಕೈಗೆ ಹತ್ತುತ್ತವೆ. ಬಾಟಲಿ ಬೀಳದೆ ಕಮಲಾಪುರ ಮುಟ್ಟಿದ ದಿನ ಅಲ್ಲಿಯ ಕೆಂಪು ಬಾಳೆಹಣ್ಣು ಕೊಂಡು ತಿನ್ನುವ ಪದ್ಧತಿ ನಮ್ಮಲ್ಲಿದೆ. ಬಾಟಲಿ ಚಾಲಕನ ಕಾಲಿನ ಕಡೆಗೆ ಉರುಳದಂತೆ ಮಾತ್ರ ಎಚ್ಚರ ವಹಿಸಬೇಕು. ಪೆಡಲಿನ ಕೆಳಗೆ ಸಿಕ್ಕರೆ ಆಟ ಮುಗಿಯಿತು.

ಹೊರಡುವ ಹೊತ್ತು ಬಹಳ ಮುಖ್ಯ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಆ ಬಿಸಿಯಲ್ಲಿ ಗಾಳಿ ತೆಳುವಾಗುತ್ತದೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ ಅದೇ ಗಾತ್ರದಲ್ಲಿ ಸುಮಾರು ಶೇ 7ರಷ್ಟು ಕಡಿಮೆ ಆಮ್ಲಜನಕ ಎಂಜಿನ್ನಿಗೆ ಸಿಗುತ್ತದೆ. ಟರ್ಬೊ ಕಾರಿನಲ್ಲಿ ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಬಿಸಿಯಾಗಿ, ಎಂಜಿನ್ ತನ್ನನ್ನು ತಾನು ಉಳಿಸಿಕೊಳ್ಳಲು ಶಕ್ತಿಯನ್ನು ತಗ್ಗಿಸುತ್ತದೆ. ಮಧ್ಯಾಹ್ನ ಕಾರು ಜಡವಾಗಿದೆ ಎಂದು ಉಸ್ತಾದನ ಬಳಿ ಹೋಗುವ ಮೊದಲು ಬೆಳಗಿನ ಐದೂವರೆಗೆ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುವ ಆಕ್ಟೇನ್ ಸಂಖ್ಯೆಗಿಂತ ಕಡಿಮೆಯದನ್ನು ಹಾಕಿಸಿದರೂ ಇದೇ ತೊಂದರೆಯಾಗುತ್ತದೆ.

ಬೆಳಗಿನಲ್ಲೂ ರಸ್ತೆ ನಮ್ಮೊಬ್ಬರದಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಕಾಲ. ಹಳ್ಳಿ ದಾಟುವಾಗ ಡಾಂಬರಿನ ಮೇಲೆಯೇ ತೊಗರಿ ಹರಡಿರುತ್ತಾರೆ, ಬರುವ ಗಾಡಿಗಳು ತುಳಿದು ಕಾಯಿ ಒಡೆಯಲಿ ಎಂದು. ಲಾರಿಗೆ ಅದು ಏನೂ ಅಲ್ಲ. ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರಿಗೆ ಮಾತ್ರ ಒಣಗಿದ ತೊಗರಿ ಕಟ್ಟಿಗೆ ಕೆಳಭಾಗದಲ್ಲಿ ಸಿಕ್ಕಿಕೊಂಡು, ಬಿಸಿ ಎಕ್ಸಾಸ್ಟ್ ಪೈಪಿಗೆ ತಾಗಿ ಹೊಗೆಯಾಡುತ್ತದೆ. ನನ್ನ ಕಾರಿನ ಅಡಿಯಿಂದ ಒಮ್ಮೆ ಸುಟ್ಟ ವಾಸನೆ ಬಂದಾಗ ಇಳಿದು ಮೊಣಕಾಲೂರಿ ನೋಡಿದರೆ ಒಂದು ಹಿಡಿ ಕಡ್ಡಿಯ ತುದಿಗಳು ಕೆಂಪಗೆ ಮಿನುಗುತ್ತಿದ್ದವು. ಅಂದಿನಿಂದ ರಾಶಿ ಕಂಡಲ್ಲಿ ನಿಂತು, ಪಕ್ಕಕ್ಕೆ ದಾರಿ ಮಾಡಿಕೊಡುವಂತೆ ಕೇಳಿಕೊಳ್ಳುತ್ತೇನೆ; ಯಾರೂ ಇಲ್ಲವೆಂದದ್ದಿಲ್ಲ. ಸೇಡಂ, ಚಿತ್ತಾಪುರ, ವಾಡಿಯ ಕಡೆ ಸಿಮೆಂಟ್ ಮತ್ತು ಪರಸಿ ಕಲ್ಲಿನ ಲಾರಿಗಳಿಂದ ಉದುರಿದ ಖಡಿ, ಪುಡಿ ತಿರುವಿನ ಹೊರ ಅಂಚಿನಲ್ಲಿ ಕೂಡಿರುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರಗಳು ಹೊಲದಿಂದ ಹೊತ್ತು ತಂದ ಎರೆ ಮಣ್ಣು ರಸ್ತೆಗೆ ಸವರಿದ ಬೆಣ್ಣೆಯಂತಿರುತ್ತದೆ, ಅದರ ಮೇಲೆ ಯಾವ ದುಬಾರಿ ಟೈರೂ ನಿಲ್ಲುವುದಿಲ್ಲ. ಚಿಂಚೋಳಿಯ ಕಾಡಿನ ರಸ್ತೆ ಸುಂದರವಾಗಿದೆ, ಕಿರಿದೂ ಆಗಿದೆ. ಅಲ್ಲಿ ಕಿಟಕಿ ಇಳಿಸಿ ನಿಧಾನಕ್ಕೆ ಹೋಗುವುದೇ ಸರಿ.

ಸ್ಪೀಡ್ ಬ್ರೇಕರುಗಳಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಎಂಬ ಮಾನದಂಡವಿದೆ. ಹಳ್ಳಿಯವರು ತಾವೇ ಹಾಕಿಕೊಂಡ ಹಂಪುಗಳು ಅದನ್ನು ಓದಿಲ್ಲ. ಅಡ್ಡಲಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿಸಬೇಕು. ಹಂಪಿನ ಮೇಲೆ ಬ್ರೇಕ್ ಒತ್ತಿ ಹಿಡಿದಿದ್ದರೆ ಮುಂಭಾಗ ತಗ್ಗಿ ತಾಗುತ್ತದೆ, ಆದ್ದರಿಂದ ಏರುವ ಮೊದಲೇ ಬ್ರೇಕ್ ಬಿಡಬೇಕು.

ಟೈರಿನ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಒಮ್ಮೆ ಗಾಳಿ ಹಾಕುವ ಹುಡುಗ ನಾನು ಹೇಳಿದ 32ರ ಬದಲು 40 ಪಿಎಸ್‌ಐ ತುಂಬಿ, "ಜಾಸ್ತಿ ಇದ್ರ ಗಾಡಿ ಹಗರ ಓಡ್ತದ್ರೀ ಅಣ್ಣಾರ" ಎಂದ. ಹಗುರವಾಗಿ ಓಡುತ್ತದೆ, ನಿಜ. ಹಿಡಿತವೂ ಅಷ್ಟೇ ಹಗುರವಾಗುತ್ತದೆ, ಏಕೆಂದರೆ ಟೈರಿನ ನಡುಭಾಗವಷ್ಟೇ ನೆಲ ಮುಟ್ಟುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಪಟ್ಟಿಯಲ್ಲಿರುವ ಒತ್ತಡವನ್ನು ಟೈರು ತಣ್ಣಗಿರುವಾಗ, ನಮ್ಮದೇ ಗೇಜಿನಿಂದ ನೋಡಿಕೊಳ್ಳಬೇಕು. ಟೈರಿನ ಬದಿಯಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2321 ಎಂದರೆ 2021ರ 23ನೇ ವಾರ. ಅದೇ ಬದಿಯಲ್ಲಿ ಅಳತೆಯ ಕೊನೆಗೆ ಬರುವ ಅಕ್ಷರ ವೇಗದ ಮಿತಿ: ಎಚ್ ಎಂದರೆ 210, ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿ.ಮೀ. ಬಿಸಿಲಲ್ಲಿ ನಿಂತ ಕಾರಿನ ರಬ್ಬರು ಬೇಗ ಗಡುಸಾಗುತ್ತದೆ, ಗೆರೆ ಆಳವಾಗಿಯೇ ಇದ್ದರೂ ಉಗುರು ಒತ್ತಿದರೆ ಇಳಿಯದ ಟೈರು ಬದಲಿಸಲೇಬೇಕಾದದ್ದು.

ಟ್ರ್ಯಾಕಿಗೆ ಹೋಗುವುದು

ನಮ್ಮ ಕಡೆಯ ಜಿಲ್ಲೆಗಳಲ್ಲಿ ಕಾರಿನ ಟ್ರ್ಯಾಕ್ ಇಲ್ಲ. ಹೈದರಾಬಾದ್ ಸುಮಾರು 220 ಕಿ.ಮೀ. ದೂರ, ಅಲ್ಲಿ 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯ ರಸ್ತೆಗಳನ್ನೇ ಮುಚ್ಚಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆಸಿದ್ದರು, ಈಗ ಅದು ಮತ್ತೆ ವಾಹನ ದಟ್ಟಣೆಯ ರಸ್ತೆ. ಆದರೆ ಹೈದರಾಬಾದಿನಲ್ಲಿ ಗೋ-ಕಾರ್ಟ್ ಓಡಿಸುವ ಜಾಗಗಳಿವೆ, ಮತ್ತು ನನ್ನ ಸಲಹೆ ಅಲ್ಲಿಂದಲೇ ಶುರು ಮಾಡಿ ಎಂಬುದು. ದೊಡ್ಡ ಕಾರಿನಲ್ಲಿ ಎಲೆಕ್ಟ್ರಾನಿಕ್ಸ್ ಮುಚ್ಚಿಡುವ ತಪ್ಪುಗಳನ್ನೆಲ್ಲ ಕಾರ್ಟ್ ಬಯಲಿಗೆಳೆಯುತ್ತದೆ. ನಿಜವಾದ ಟ್ರ್ಯಾಕಿಗೆ ದಕ್ಷಿಣಕ್ಕೆ ಹೋಗಬೇಕು: ಚೆನ್ನೈ ಹತ್ತಿರ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ ಸುಮಾರು 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್, ಕೊಯಮತ್ತೂರಿನಲ್ಲಿ 2.1 ಕಿ.ಮೀ.ಯ ಕಾರಿ ಮೋಟಾರ್ ಸ್ಪೀಡ್‌ವೇ. ಉತ್ತರದಲ್ಲಿ, ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್ ಐದು ಕಿಲೋಮೀಟರಿಗೂ ಉದ್ದ. 2011ರಿಂದ 2013ರವರೆಗೆ ಅಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರನ್ನೂ ಗೆದ್ದವರು ಸೆಬಾಸ್ಟಿಯನ್ ವೆಟ್ಟೆಲ್. ಸ್ವಂತ ಕಾರಿನಲ್ಲಿ ಸಮಯದ ಸ್ಪರ್ಧೆಯಿಲ್ಲದೆ ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಪಂದ್ಯಕ್ಕೇ ಇಳಿಯುವುದಾದರೆ ದೇಶದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಪರವಾನಗಿ ಬೇಕು. ಸಾಮಾನ್ಯ ಕಾರು ವಿಮೆ ಪಂದ್ಯ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಮನೆಯವರಿಗೂ ಹೇಳಿಬಿಡುವುದು ಕ್ಷೇಮ.

ಸಿದ್ಧತೆಯಲ್ಲಿ ಬ್ರೇಕ್ ದ್ರವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದಾಗ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇತ್ತ, 1600 ಕಿಲೋ ತೂಕದ ಕಾರನ್ನು 160ರಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಐದು ಲೀಟರ್ ನೀರು ಕುದಿಯಲು ಬರುತ್ತದೆ, ಅಂದರೆ ಒಂದು ಚಹಾ ಅಂಗಡಿಯ ಪಾತ್ರೆ ತುಂಬ. ಪ್ರತಿ ಸುತ್ತಿನಲ್ಲೂ ಒಂದೆರಡು ಕಡೆ ಅಂಥ ಬ್ರೇಕಿಂಗ್ ಇರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮೊದಲ ಟ್ರ್ಯಾಕ್ ದಿನದ ನಾಲ್ಕನೇ ಸುತ್ತಿನಲ್ಲಿ, ನೇರ ದಾರಿಯ ಕೊನೆಗೆ ಬ್ರೇಕ್ ಒತ್ತಿದಾಗ ಪೆಡಲ್ ಅರ್ಧದವರೆಗೆ ಏನೂ ಆಗದೆ ಇಳಿಯಿತು, ಒದ್ದೆ ಸ್ಪಂಜು ತುಳಿದ ಹಾಗೆ. ಎರಡನೇ ಸಲ ತುಳಿದಾಗ ಸ್ವಲ್ಪ ಸಿಕ್ಕಿತು, ಮೂರನೇ ಸಲಕ್ಕೆ ಕಾರು ನಿಧಾನವಾಯಿತು. ಅಷ್ಟರಲ್ಲಿ ನಾನು ಡಾಂಬರು ದಾಟಿ ಖಡಿಯಲ್ಲಿದ್ದೆ. ಮೂರು ವರ್ಷದ ಹಳೆಯ ದ್ರವ, ಸರ್ವಿಸ್ ಬಿಲ್ಲಿನಲ್ಲಿ "ಪರೀಕ್ಷಿಸಲಾಗಿದೆ" ಎಂದಷ್ಟೇ ಬರೆದಿತ್ತು, ನಾನೂ ಬದಲಿಸಿ ಎಂದು ಹೇಳಿರಲಿಲ್ಲ. ಟ್ರ್ಯಾಕಿಗೆ ಹೋಗುವ ವಾರದಲ್ಲೇ ದ್ರವವನ್ನು ಕಣ್ಣ ಮುಂದೆ ಬದಲಿಸಿಕೊಳ್ಳಿ, ಪ್ಯಾಡು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅವನ್ನೂ ಬದಲಿಸಿ. ನೆಲಹಾಸು, ಜಾಕು, ಬಾಟಲಿ, ಮಕ್ಕಳ ಆಟಿಕೆ, ಡ್ಯಾಶ್‌ಬೋರ್ಡ್ ಮೇಲಿನ ದೇವರ ಮೂರ್ತಿ, ಎಲ್ಲವನ್ನೂ ಇಳಿಸಿ. ಮೂರ್ತಿಯನ್ನು ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ, ಇಟ್ಟು ಹೋಗಬಹುದು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ತುಂಬು ತೋಳಿನ ಹತ್ತಿ ಬಟ್ಟೆ, ತೆಳು ಅಡಿಯ ಬೂಟು ಬೇಕು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇದ್ದರೆ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಎಂಜಿನ್ ಮುಗ್ಗರಿಸಬಹುದು.

ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳು ದಾರಿ ನೋಡಿಕೊಳ್ಳಲಿಕ್ಕೆ. ನೇರವಾಗಿರುವಾಗಲೇ ಬ್ರೇಕ್ ಮುಗಿಸಿ, ತಿರುವಿನ ಹೊರ ಅಂಚಿನಿಂದ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಕಾರನ್ನು ಬಿಡಬೇಕು. ಹೀಗೆ ಮಾಡಿದರೆ ತಿರುವಿನ ವಕ್ರತೆ ಕಡಿಮೆಯಾಗಿ ಅದೇ ಟೈರು ಹೆಚ್ಚು ವೇಗವನ್ನು ತಡೆದುಕೊಳ್ಳುತ್ತದೆ. ಟೈರಿನ ಹಿಡಿತವನ್ನು ಒಂದು ರೂಪಾಯಿ ಎಂದುಕೊಳ್ಳಿ. ಎಂಬತ್ತು ಪೈಸೆ ತಿರುಗಲು ಖರ್ಚಾಗಿದ್ದರೆ ಪೂರ್ತಿ ಬ್ರೇಕಿಗೆ ಬೇಕಾದಷ್ಟು ಉಳಿದಿರುವುದಿಲ್ಲ. ಮುಂದಿನ ಚಕ್ರ ಜಾರಿ ಕಾರು ನೇರ ಹೋಗತೊಡಗಿದರೆ ಸ್ಟೇರಿಂಗನ್ನು ಇನ್ನೂ ತಿರುಗಿಸದೆ ಆಕ್ಸಿಲರೇಟರ್ ಸಡಿಲಿಸಿ. ಹಿಂಭಾಗ ಜಾರಿದರೆ ಹೋಗಬೇಕಾದ ಕಡೆ ನೋಡಿ, ಕೈ ತಾನಾಗಿ ಹಿಂಬಾಲಿಸುತ್ತದೆ, ಆದರೆ ಗಾಬರಿಯಿಂದ ಕಾಲು ತೆಗೆಯಬೇಡಿ. ಸ್ಥಿರತೆ ಕಾಯುವ ಇಎಸ್‌ಸಿ ಗುಂಡಿಯನ್ನು ಮೊದಲ ವರ್ಷ ಮುಟ್ಟದಿರುವುದೇ ಜಾಣತನ.

ಬಾವುಟಗಳನ್ನು ಬಾಯಿಪಾಠ ಮಾಡಿ: ಹಳದಿ ಎಂದರೆ ಮುಂದೆ ಅಪಾಯ, ಹಿಂದಿಕ್ಕುವಂತಿಲ್ಲ, ಹಳದಿಯಲ್ಲಿ ಕೆಂಪು ಪಟ್ಟೆಯಿದ್ದರೆ ನೆಲ ಜಾರುತ್ತಿದೆ, ನೀಲಿ ಎಂದರೆ ಹಿಂದೆ ವೇಗದ ಕಾರು ಬಂದಿದೆ, ಹೋಗಲು ಬಿಡಿ, ಕೆಂಪು ಎಂದರೆ ಓಟ ನಿಂತಿದೆ, ನಿಧಾನಕ್ಕೆ ಪಿಟ್‌ಗೆ ಬನ್ನಿ.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ಓಡಿಸಿ ಎಲ್ಲವನ್ನೂ ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಬಿಸಿ ಪ್ಯಾಡು ಒಂದೇ ಜಾಗದಲ್ಲಿ ಒತ್ತಿಕೊಂಡು ಡಿಸ್ಕ್ ಕೆಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಡಿ. ತಣ್ಣಗಿದ್ದಾಗ 32 ಇದ್ದ ಗಾಳಿ ಈಗ 38–40 ಆಗಿರುತ್ತದೆ, ಕಾರಿನ ಕೈಪಿಡಿ ಅನುಮತಿಸಿದಷ್ಟಕ್ಕೆ ಇಳಿಸಿಕೊಳ್ಳಿ. ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಲು ಮರೆಯಬೇಡಿ. ಚಕ್ರದ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಒಮ್ಮೆ ನೋಡಿ. ದಿನದ ಕೊನೆಯ ಸರದಿಯನ್ನು ನಾನು ಬಿಟ್ಟುಬಿಡುತ್ತೇನೆ, ಆ ಹೊತ್ತಿಗೆ ಟೈರೂ ದಣಿದಿರುತ್ತದೆ, ನಾನೂ ದಣಿದಿರುತ್ತೇನೆ, ಅದೇ ಕಾರಿನಲ್ಲಿ ಊರಿಗೆ ಬರುವುದು ಇನ್ನೂ ಬಾಕಿಯಿರುತ್ತದೆ. ದಾರಿಯಲ್ಲಿ ಹೈದರಾಬಾದಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಹೊರಟರೆ ಹತ್ತು ಗಂಟೆಯ ಬಿಸಿಲಿಗೆ ಮೊದಲೇ ಕಲಬುರಗಿ ಮುಟ್ಟಬಹುದು.